ಆರು ಜನ, ಒಂದು ಎಕ್ಸ್‌ಟೆನ್ಷನ್ ಬಾಕ್ಸ್: ಕೊಡಗಿನ ಲಿನಕ್ಸ್ ಬಳಗ ಮುಂದುವರಿಸೋಣವಾ?

ಬೆಟ್ಟದಬದಿ · ಭಾನುವಾರ ರಾತ್ರಿ 9:40

ಇವತ್ತು ಮಡಿಕೇರಿಯಲ್ಲಿ ನಮ್ಮ ಲಿನಕ್ಸ್ (ವಿಂಡೋಸ್ ಬದಲು ಕಂಪ್ಯೂಟರಿಗೆ ಹಾಕುವ ಬಿಟ್ಟಿ ಸಿಸ್ಟಂ) ಬಳಗದ ತಿಂಗಳ ಭೇಟಿ ಇತ್ತು. ನನ್ನನ್ನೂ ಸೇರಿಸಿ ಆರು ಜನ. ಆರರಲ್ಲಿ ಒಬ್ಬರು ಪಕ್ಕದ ಹಾಲಿನ ವಿಮೆ ಏಜೆಂಟರ ಮೀಟಿಂಗ್ ಎಂದುಕೊಂಡು ನಮ್ಮಲ್ಲಿ ಬಂದು ಕೂತವರು. ಹತ್ತು ನಿಮಿಷ ಬಿಟ್ಟು ಅವರಿಗೆ ವಿಷಯ ಗೊತ್ತಾಯಿತು. ಆದರೂ ಮರ್ಯಾದೆಗೆ ಕಾಫಿ ಮುಗಿಸಿಯೇ ಎದ್ದರು.

ಮೂರು ವರ್ಷದ ಹಿಂದೆ ಮೊದಲ ಭೇಟಿಗೆ ಕುರ್ಚಿ ಸಾಲದೆ ಹೋಟೆಲಿನಿಂದ ಬೆಂಚು ತಂದಿದ್ದೆವು. ಈಗ ಹೀಗೆ. ಮುಂದುವರಿಸೋಣವಾ, ಇಲ್ಲಾ ಸುಮ್ನೆ ಬಾಗಿಲು ಹಾಕೋಣವಾ? ಸಿಟ್ಟಿಲ್ಲ, ಬೇಜಾರಿದೆ.

ಹೊಸಬರಿಗೆ ಸ್ವಲ್ಪ ಹಿಂದಿನ ಕತೆ. ನನಗೆ ಲಿನಕ್ಸ್ ಸಿಕ್ಕಿದ್ದು ಪೋಸ್ಟ್‌ಮ್ಯಾನ್ ಕೈಯಿಂದ. ಆಗ ಉಬುಂಟು ಎಂಬ ಲಿನಕ್ಸಿನವರು ಕೇಳಿದವರಿಗೆಲ್ಲ ಬಿಟ್ಟಿಯಾಗಿ ಸಿಡಿ ಕಳಿಸುತ್ತಿದ್ದರು. ಅಂಚೆ ಖರ್ಚೂ ಅವರದ್ದೇ. ಶಿಪ್‌ಇಟ್ ಎಂದು ಹೆಸರು, 2011ರಲ್ಲಿ ನಿಲ್ಲಿಸಿದರು. ನಮ್ಮ ಮನೆಗೆ ಆಗ ಫೋನ್ ಲೈನೇ ಮಳೆ ಬಂದರೆ ಸಾಯುತ್ತಿತ್ತು. 700 ಎಂಬಿ ಇಳಿಸಿಕೊಳ್ಳುವ ಮಾತೇ ಇಲ್ಲ. ಆ ಸಿಡಿಯನ್ನು ಎಷ್ಟು ಮನೆಗೆ ಹೊತ್ತುಕೊಂಡು ಹೋದೆನೋ ಲೆಕ್ಕ ಇಟ್ಟಿಲ್ಲ. ಬಳಗ ಅಂತ ಹೆಸರಿಲ್ಲದೆ ಶುರುವಾಗಿದ್ದು ಆವಾಗಲೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತಲ್ಲ, ಆಗ ನಮಗೆ ಸುಗ್ಗಿ. ವಿಂಡೋಸ್ 11ಕ್ಕೆ ಹೋಗಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಪ್ರೊಸೆಸರ್ ಹೊಸದಿರಬೇಕು. ಊರಲ್ಲಿ ಅರ್ಧ ಲ್ಯಾಪ್‌ಟಾಪ್‌ಗಳಿಗೆ ಆ ಯೋಗ್ಯತೆ ಇಲ್ಲ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದಲ್ಲಿ ಒಂದೊಂದು ದಿನ ಇನ್‌ಸ್ಟಾಲ್ ಮಾಡಿಕೊಟ್ಟೆವು. ಒಟ್ಟು 23 ಮಶೀನು, ಹೆಚ್ಚಿನದಕ್ಕೆ ಮಿಂಟ್ ಎಂಬ ಲಿನಕ್ಸ್. ಎಲ್ಲರೂ ಖುಷಿಯಲ್ಲಿ ಫೋಟೋ ತೆಗೆಸಿಕೊಂಡರು.

ತಿಂಗಳ ನಂತರ ನಾನೇ ಕೂತು ಒಬ್ಬೊಬ್ಬರಿಗೆ ಫೋನ್ ಮಾಡಿದೆ. ಏಳೋ ಎಂಟೋ ಜನ ಇನ್ನೂ ಬಳಸುತ್ತಿದ್ದರು. ಮಿಕ್ಕವರು ಅಂಗಡಿಗೆ ಕೊಟ್ಟು ಮತ್ತೆ ಹಳೆಯದನ್ನೇ ಹಾಕಿಸಿಕೊಂಡಿದ್ದರು. ಕಾರಣ ಕೇಳಿದರೆ ಯಾರೂ ದೊಡ್ಡದೇನೂ ಹೇಳಲಿಲ್ಲ. ಪ್ರಿಂಟರ್ ಓಡಲಿಲ್ಲ. ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲು ತೆರೆಯಲಿಲ್ಲ. ಮಗನ ಗೇಮ್ ಬರಲಿಲ್ಲ. ಒಬ್ಬರಂತೂ "ಸೌಂಡ್ ಸಣ್ಣ ಬರ್ತಿತ್ತು" ಎಂದರು.

ಈ ಮೂರು ವರ್ಷ ನಾವು ಮಾಡಿದ್ದೇನು ಹಾಗಾದರೆ?

ಊರುಬಿಟ್ಟವ · ಭಾನುವಾರ ರಾತ್ರಿ 10:15

ಅಣ್ಣ, ಮುಚ್ಚಬೇಡಿ. ಬೆಂಗಳೂರಿನ ಗುಂಪುಗಳೂ ಹೀಗೇ ಏಳುತ್ತವೆ, ಬೀಳುತ್ತವೆ. ಇಲ್ಲಿ ಜನ ಜಾಸ್ತಿ, ಹಾಗಾಗಿ ಬಿದ್ದದ್ದು ಕಾಣುವುದಿಲ್ಲ ಅಷ್ಟೇ.

ನನ್ನ ಸಲಹೆ: ಒಂದು ಹೆಸರಿಡಿ, ಲೋಗೋ ಮಾಡಿಸಿ, ಸಂಘ ನೋಂದಣಿ ಮಾಡಿಸಿ. ಭೇಟಿಯನ್ನು ವಿಡಿಯೋದಲ್ಲೂ ಬಿಡಿ, ನಮ್ಮಂಥವರು ಇಲ್ಲಿಂದಲೇ ಸೇರಿಕೊಳ್ಳುತ್ತೇವೆ. ಸೆಪ್ಟೆಂಬರ್ ಮೂರನೇ ಶನಿವಾರ ಸಾಫ್ಟ್‌ವೇರ್ ಫ್ರೀಡಂ ಡೇ ಬರುತ್ತದೆ, ಅಂದು ದೊಡ್ಡದಾಗಿ ಏನಾದರೂ ಇಟ್ಟುಕೊಳ್ಳಬಹುದು.

ಡಿಟಿಪಿ_ಗೋಣಿಕೊಪ್ಪ · ಭಾನುವಾರ ರಾತ್ರಿ 10:50

ಲೋಗೋ ನಾನೇ ಮಾಡಿಕೊಡುತ್ತೇನೆ, ದುಡ್ಡು ಬೇಡ. ಆದರೆ ಅದರಿಂದ ಏನೂ ಆಗುವುದಿಲ್ಲ.

ಆ 23ರಲ್ಲಿ ಒಂದು ನನ್ನ ಅಂಗಡಿಯದ್ದು. ವಾಪಸ್ ಹೋದವರಲ್ಲಿ ನಾನೂ ಒಬ್ಬ. ಒಂಬತ್ತು ದಿನ ಇಟ್ಟುಕೊಂಡಿದ್ದೆ. ಹೇಳಿಬಿಡುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ನನ್ನದು ಜೆರಾಕ್ಸ್, ಲಗ್ನಪತ್ರಿಕೆ, ಅರ್ಜಿ ಟೈಪಿಂಗ್. ಹದಿನೈದು ವರ್ಷದ ಫೈಲುಗಳು ನುಡಿಯಲ್ಲಿವೆ. ಲಿನಕ್ಸ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕೆ. ಗಿರಾಕಿ ಎದುರಿಗೆ ನಿಂತಿದ್ದಾರೆ, "ಹೋದ ವರ್ಷದ ಅರ್ಜಿಯಲ್ಲಿ ಹೆಸರು ಬದಲಾಯಿಸಿ ಕೊಡಿ ಸಾಕು" ಅನ್ನುತ್ತಾರೆ. ನಾನು ಬೆವರುತ್ತಿದ್ದೇನೆ. ಬೆಟ್ಟದಬದಿಯವರೇ, ಅಂದು ನಿಮಗೆ ಮೂರು ಸಲ ಫೋನ್ ಮಾಡಿದೆ. ನೀವು ಎಲ್ಲೋ ರೇಂಜ್ ಇಲ್ಲದ ಕಡೆ ಇದ್ದಿರಿ. ನಿಮ್ಮ ತಪ್ಪು ಎನ್ನುತ್ತಿಲ್ಲ. ಆದರೆ ನಾನು ಇನ್ಯಾರಿಗೆ ಫೋನ್ ಮಾಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ.

ಕೊನೆಗೆ ಸರಿಯಾಯಿತು, ಅದನ್ನೂ ಹೇಳಬೇಕು. ಎರಡು ತಿಂಗಳಾದ ಮೇಲೆ ಶನಿವಾರಸಂತೆಯ ಮೇಷ್ಟ್ರು ಏನೋ ಪ್ರಿಂಟ್ ತೆಗೆಸಲು ಬಂದವರು ಒಂದು ಗಂಟೆ ಕೂತು ತೋರಿಸಿಕೊಟ್ಟರು. ಈಗ ಎರಡು ಮಶೀನ್ ಇಟ್ಟಿದ್ದೇನೆ. ಒಂದರಲ್ಲಿ ಲಿನಕ್ಸ್. ಲಗ್ನಪತ್ರಿಕೆ ಇನ್ನೂ ಹಳೆಯದರಲ್ಲೇ.

ಮೇಷ್ಟ್ರು_ಶನಿವಾರಸಂತೆ · ಸೋಮವಾರ ಬೆಳಿಗ್ಗೆ 6:30

ಅದೇನು ದೊಡ್ಡ ವಿದ್ಯೆಯಲ್ಲ. ಇದೇ ತೊಂದರೆ ಇರುವವರಿಗೆ ಆಗಲಿ ಎಂದು ಬರೆಯುತ್ತೇನೆ.

ಹಳೆಯ ನುಡಿ ಫೈಲುಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿ) ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಅದರ ಮೇಲೆ ಕನ್ನಡದ ಚಿತ್ರ ಹೊದಿಸುವುದು ಫಾಂಟು. ಫಾಂಟ್ ಇಲ್ಲದಿದ್ದರೆ ಹೊದಿಕೆ ಜಾರುತ್ತದೆ, ಒಳಗಿನದು ಕಾಣುತ್ತದೆ. ಹಾಗಾಗಿ ಮೊದಲ ಕೆಲಸ, ಹಳೆ ಮಶೀನಿನಿಂದ ಆ ಫಾಂಟ್ ಫೈಲುಗಳನ್ನು ತಂದು ಹೊಸದರಲ್ಲಿ ಹಾಕುವುದು. ಅಷ್ಟಕ್ಕೇ ಲಿಬ್ರೆ ಆಫೀಸಿನಲ್ಲಿ (ಎಂಎಸ್ ಆಫೀಸಿನಂಥ ಬಿಟ್ಟಿ ತಂತ್ರಾಂಶ) ಹೆಚ್ಚಿನ ಫೈಲು ಓದುವ ಹಾಗಾಗುತ್ತದೆ, ಪ್ರಿಂಟೂ ಬರುತ್ತದೆ.

ಎರಡನೆಯದು, ಬೇಕಾದ ಫೈಲನ್ನು ಮಾತ್ರ ಯೂನಿಕೋಡಿಗೆ ಬದಲಾಯಿಸಿಕೊಳ್ಳುವುದು. ಪರಿವರ್ತಕಗಳು ಬಿಟ್ಟಿಯಾಗಿ ಸಿಗುತ್ತವೆ. ಆದರೆ ಕಣ್ಣಿಟ್ಟು ಓದಬೇಕು. ನಡುವೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಎಂದುಕೊಂಡು ಕಲಸಿ ಇಡುತ್ತದೆ. ಅರ್ಕಾವೊತ್ತು ಇರುವ ಹೆಸರುಗಳನ್ನು ಎರಡು ಸಲ ನೋಡಿ. ಎಲ್ಲ ಹದಿನೈದು ವರ್ಷದ್ದನ್ನೂ ಒಂದೇ ದಿನ ಬದಲಾಯಿಸುತ್ತೇನೆ ಅಂತ ಹೊರಡಬೇಡಿ.

ಮೂರನೆಯದು ಬೆರಳಿನ ವಿಷಯ. ಡಿಟಿಪಿಯವರು ಕೆಜಿಪಿ ಎಂಬ ನುಡಿಯ ಕೀಲಿಮಣೆ ವಿನ್ಯಾಸದಲ್ಲಿ ಕಣ್ಣು ಮುಚ್ಚಿ ಟೈಪ್ ಮಾಡುವವರು. ಅದೇ ವಿನ್ಯಾಸ ಲಿನಕ್ಸಿನ ಟೈಪಿಂಗ್ ಸಲಕರಣೆ ಐಬಸ್ ಎಂ17ಎನ್‌ನಲ್ಲಿ ಇದೆ. ನಮ್ಮ ಹುಡುಗರು ಇನ್‌ಸ್ಟಾಲ್ ದಿನ ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸ ಹಾಕಿ ಕೊಟ್ಟು ಕಳಿಸಿದ್ದರು. ಅಕ್ಕಿ ರೊಟ್ಟಿ ತಟ್ಟುವ ಕೈಗೆ ಚಪಾತಿ ಲಟ್ಟಣಿಗೆ ಕೊಟ್ಟ ಹಾಗೆ.

ಈ ಮೂರಕ್ಕೂ ಸೇರಿ ಹಿಡಿದದ್ದು ಒಂದು ಗಂಟೆ. ಅಂದರೆ ಅವರು ವಾಪಸ್ ಹೋದದ್ದು ಲಿನಕ್ಸಿನ ದೋಷಕ್ಕಲ್ಲ. ಒಂಬತ್ತನೇ ದಿನ ಆ ಒಂದು ಗಂಟೆ ಕೊಡಲು ಯಾರೂ ಇರಲಿಲ್ಲ.

ಇಂಚುಸೆಂಟು · ಸೋಮವಾರ ಬೆಳಿಗ್ಗೆ 8:05

ಸಿದ್ದಾಪುರದ ಕಡೆಯವನು. ವಯಸ್ಸು 67. ಇಲ್ಲಿ ಬರೆಯುವುದು ಇದೇ ಮೊದಲು, ತಪ್ಪಿದ್ದರೆ ತಿದ್ದಿ.

ನನಗೆ ಲಿನಕ್ಸ್ ಬೇಕಿರಲಿಲ್ಲ. ಮಳೆ ಲೆಕ್ಕ ಬೇಕಿತ್ತು. ನಮ್ಮ ಮನೆಯಲ್ಲಿ ತಂದೆಯವರ ಕಾಲದಿಂದ ಮಳೆ ಪುಸ್ತಕ ಇದೆ. ದಿನಾ ಬೆಳಿಗ್ಗೆ ಗೇಜ್ ನೋಡಿ ಬರೆಯುವುದು. ಇಂಚು, ಸೆಂಟು (ಇಂಚಿನ ನೂರರಲ್ಲಿ ಒಂದು ಪಾಲು). ತೋಟದವರಿಗೆಲ್ಲ ಗೊತ್ತು. ಮಳೆಗಾಲದಲ್ಲಿ ಯಾರು ಸಿಕ್ಕಿದರೂ ಮೊದಲ ಮಾತು "ನಿಮ್ಮಲ್ಲಿ ಎಷ್ಟು ಸೆಂಟು?" ಅಂತಲೇ ಅಲ್ವಾ. ಪುಸ್ತಕಕ್ಕೆ ಗೆದ್ದಲು ಹಿಡಿಯುತ್ತಿತ್ತು. ಕಂಪ್ಯೂಟರಿಗೆ ಹಾಕೋಣ ಎಂದು ಹೊರಟೆ. ಮೊಮ್ಮಗಳ ಹಳೆ ಲ್ಯಾಪ್‌ಟಾಪ್ ಇತ್ತು, ಆನ್ ಆಗಲು ಕಾಫಿ ಕುಡಿದು ಬರುವಷ್ಟು ಹೊತ್ತು ಬೇಕಿತ್ತು. ಕುಶಾಲನಗರದ ಭೇಟಿಯಲ್ಲಿ ಹುಡುಗರು ಹಾರ್ಡ್‌ಡಿಸ್ಕ್ ತೆಗೆದು ವೇಗದ ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಹಾಕಿಕೊಟ್ಟರು.

ಆಮೇಲೆ ಒಂದು ತಮಾಷೆ ಆಯಿತು. ಪುಸ್ತಕದಲ್ಲಿ 2-40 ಎಂದಿದ್ದರೆ ಎರಡು ಇಂಚು ನಲವತ್ತು ಸೆಂಟು. ಹಾಗೇ ಹಾಕಿದರೆ ಕಂಪ್ಯೂಟರ್ ಕೂಡಿಸುವುದಿಲ್ಲ. 2.40 ಎಂದು ಹಾಕಿ ಎಂದರು. ಹಾಕಿದೆ. ಒಂದು ಜೂನ್ ತಿಂಗಳ ಮೊತ್ತ ತಂದೆಯವರು ಕೆಳಗೆ ಬರೆದಿಟ್ಟ ಮೊತ್ತಕ್ಕಿಂತ ಜಾಸ್ತಿ ಬಂತು. ತಂದೆಯವರು ಲೆಕ್ಕದಲ್ಲಿ ತಪ್ಪುವವರಲ್ಲ. ಎರಡು ದಿನ ನಿದ್ದೆ ಇಲ್ಲ. ಪೊನ್ನಂಪೇಟೆಯ ಕಾಲೇಜಿನ ಹುಡುಗಿ ಒಬ್ಬಳು ನೋಡಿ ಕಂಡುಹಿಡಿದಳು. ನಾನು 2-5 ಎಂದಿದ್ದಲ್ಲೆಲ್ಲ 2.5 ಎಂದು ಹಾಕಿದ್ದೆ. ಅದು ಎರಡು ಇಂಚು ಐದು ಸೆಂಟು. 2.05 ಆಗಬೇಕು. ಒಂದೊಂದು ಕಡೆ ಹತ್ತಿರ ಹತ್ತಿರ ಅರ್ಧ ಇಂಚು ಮಳೆಯನ್ನು ನಾನೇ ಸುರಿಸಿದ್ದೆ.

ಈಗ ಪಕ್ಕದಲ್ಲಿ ಇನ್ನೊಂದು ಕಾಲಂ ಇದೆ. 25.4ರಿಂದ ಗುಣಿಸಿ ಮಿಲಿಮೀಟರ್ ತೋರಿಸುತ್ತದೆ. ಚೆಕ್‌ರೋಲೂ (ತೋಟದ ಕೆಲಸಗಾರರ ಹಾಜರಿ, ಕೂಲಿ ಲೆಕ್ಕ) ಅದರಲ್ಲೇ ಮಾಡುತ್ತಿದ್ದೇನೆ.

ಮುಚ್ಚಬೇಡಿ ಎಂದು ಹೇಳಲು ಇಷ್ಟು ಬರೆದೆ. ಇನ್ನೊಂದು ಮಾತು. ಭಾನುವಾರ ಯಾಕೆ ಇಡುತ್ತೀರಿ? ಮದುವೆ, ತಿಥಿ, ಹಾಕಿ ಮ್ಯಾಚ್ ಎಲ್ಲ ಭಾನುವಾರವೇ. ಶುಕ್ರವಾರ ಮಡಿಕೇರಿ ಸಂತೆ. ಎಲ್ಲ ಕಡೆಯಿಂದ ಜನ ಹೇಗೂ ಬರುತ್ತಾರೆ. ಅಂದೇ ಇಡಿ.

ಕೊನೆಬೆಂಚು · ಸೋಮವಾರ ಮಧ್ಯಾಹ್ನ 1:20

ಆ ಹುಡುಗಿ ನಾನೇ ಅಂಕಲ್ 🙂 ಶುಕ್ರವಾರ ಕ್ಲಾಸ್ ಇರುತ್ತದೆ, ನಮಗೆ ಆಗುವುದಿಲ್ಲ.

ಬೆಟ್ಟದಬದಿ ಅಣ್ಣ, ಸ್ವಲ್ಪ ನೇರವಾಗಿ ಹೇಳುತ್ತೇನೆ. ನಾನು ನಾಲ್ಕು ಭೇಟಿಗೆ ಬಂದಿದ್ದೇನೆ. ನಾಲ್ಕರಲ್ಲೂ ಮೊದಲ ಒಂದು ಗಂಟೆ ಸ್ಲೈಡ್. 1983ರಲ್ಲಿ ಸ್ಟಾಲ್‌ಮನ್ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿದರು, 1991ರ ಆಗಸ್ಟ್ 25ಕ್ಕೆ ಲೈನಸ್ ಟೋರ್ವಾಲ್ಡ್ಸ್ ತಾನು ಬರೆಯುತ್ತಿರುವ ಸಿಸ್ಟಂ ಬರೀ ಹವ್ಯಾಸ ಎಂದು ಮಿನಿಕ್ಸ್ ಬಳಕೆದಾರರ ಗುಂಪಿಗೆ ಬರೆದರು, 1993ರಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಎಂಬ ಲಿನಕ್ಸ್ ಶುರು ಮಾಡಿದರು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ನಾನು ಬಂದದ್ದು ವೈಫೈ ಬರುತ್ತಿಲ್ಲ ಅಂತ. ಅದಕ್ಕೆ ಸಿಕ್ಕಿದ್ದು ಕೊನೆಯ ಹತ್ತು ನಿಮಿಷ. ಅಷ್ಟರಲ್ಲಿ ಬಸ್ ಹೊತ್ತಾಯಿತು.

ಬಸ್ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ. ರೈಲಿಲ್ಲದ ಜಿಲ್ಲೆ ನಮ್ಮದು. ಪೊನ್ನಂಪೇಟೆಯಿಂದ ಗೋಣಿಕೊಪ್ಪ, ವಿರಾಜಪೇಟೆ ದಾಟಿ ಮಡಿಕೇರಿಗೆ ಬರಬೇಕು. ಭೇಟಿ ಸಂಜೆ ಐದಕ್ಕೆ ಮುಗಿದರೆ ಹಾಸ್ಟೆಲ್ ಗೇಟ್ ಹಾಕಿರುತ್ತದೆ. "ಹುಡುಗಿಯರು ಯಾಕೆ ಬರುವುದಿಲ್ಲ" ಎಂದು ಹೋದ ಸಲ ಅರ್ಧ ಗಂಟೆ ಚರ್ಚೆ ಮಾಡಿದಿರಿ. ಮೂರು ಗಂಟೆಗೆ ಮುಗಿಸಿ ನೋಡಿ.

ಇನ್ನೊಂದು. ಇನ್‌ಸ್ಟಾಲ್ ದಿನ ನನ್ನ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಎರಡೂ ಇರಲಿ ಎಂದು ಲಿನಕ್ಸ್ ಹಾಕಿದಿರಿ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಎಂಬ ಕಾವಲು ಬಂದ್ ಮಾಡಿದಿರಿ. ಮಾರನೇ ದಿನ ವಿಂಡೋಸ್ ತೆರೆಯಲು ಹೋದರೆ ನೀಲಿ ಪರದೆ, 48 ಅಂಕೆಯ ರಿಕವರಿ ಕೀ ಕೊಡು ಎನ್ನುತ್ತಿದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಎಂಬುದೊಂದು ಆನ್ ಆಗಿತ್ತು ಅಂತ ಅವಳಿಗೂ ಗೊತ್ತಿಲ್ಲ, ನಿಮಗೂ ಹೊಳೆಯಲಿಲ್ಲ. ಪ್ರಾಜೆಕ್ಟ್ ರಿಪೋರ್ಟ್ ಕೊಡಲು ಎರಡು ದಿನ ಇತ್ತು. ಪುಣ್ಯಕ್ಕೆ ಅವಳ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀ ಇತ್ತು, ಪಾಸ್‌ವರ್ಡೂ ನೆನಪಿತ್ತು. ಅವಳು ಇನ್ನು ನಮ್ಮ ಭೇಟಿಗೆ ಬರುತ್ತಾಳಾ? ನೀವೇ ಹೇಳಿ.

ಪಫರ್‌ಫಿಶ್ · ಸೋಮವಾರ ಮಧ್ಯಾಹ್ನ 2:45

ಬಹಳ ದಿನದಿಂದ ಹೇಳಬೇಕೆಂದಿದ್ದೆ. ಈ ಬಳಗಕ್ಕೆ ಲಿನಕ್ಸ್ ಬಳಗ ಎಂದೇ ಯಾಕೆ ಹೆಸರು? ಲಿನಕ್ಸಿನ ಹಾಗೇ ಇರುವ ಬೇರೆ ಸಿಸ್ಟಂ ಬಿಎಸ್‌ಡಿ ಬಳಸುವವರೂ ಇದ್ದೇವೆ. ನಮ್ಮ ಹೋಂಸ್ಟೇಯಲ್ಲಿ ಹಳೆ ಡೆಸ್ಕ್‌ಟಾಪಿಗೆ ಎರಡು ನೆಟ್‌ವರ್ಕ್ ಕಾರ್ಡ್ ಹಾಕಿ ಓಪನ್‌ಬಿಎಸ್‌ಡಿ ಕೂರಿಸಿದ್ದೇನೆ. ಗೆಸ್ಟ್‌ಗಳ ವೈಫೈ ಬೇರೆ, ಮನೆಯ ನೆಟ್ ಬೇರೆ, ಎಲ್ಲ ಅದೇ ನೋಡಿಕೊಳ್ಳುತ್ತದೆ. ಪಿಎಫ್ ಎಂಬ ಫೈರ್‌ವಾಲ್, ನಿಯಮಗಳು ಒಂದು ಪುಟವೂ ಇಲ್ಲ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ, ಒಂದು ಆಜ್ಞೆಯಲ್ಲಿ ಅಪ್‌ಗ್ರೇಡ್. ಹೋದ ಏಪ್ರಿಲ್ ಗುಡುಗಿಗೆ ಒಂದು ಕಾರ್ಡ್ ಸುಟ್ಟಿತು, ಬದಲಾಯಿಸಿದೆ, ಮತ್ತೆ ಓಡುತ್ತಿದೆ.

ಬೆಟ್ಟದಬದಿ · ಸೋಮವಾರ ಮಧ್ಯಾಹ್ನ 3:10

ಹೆಸರು ಬದಲಾಯಿಸಲು ಮೊದಲು ಹೆಸರು ಇರಬೇಕಲ್ಲ ಮಾರಾಯರೇ. ನೀವು ಇಡೀ ಜಿಲ್ಲೆಗೆ ಒಬ್ಬರೇ ಬಿಎಸ್‌ಡಿಯವರು ಎಂದುಕೊಂಡಿದ್ದೇನೆ. ಇನ್ನೊಬ್ಬರನ್ನು ಕರೆದುಕೊಂಡು ಬನ್ನಿ, ಅಂದೇ ಬೋರ್ಡ್ ಬದಲಾಯಿಸೋಣ.

ಕೊನೆಬೆಂಚು, ಹೇಳಿದ್ದು ಒಪ್ಪಿದೆ. ಸ್ಲೈಡ್ ಮಾಡಿದ್ದು ನಾನೇ. ಏನೋ ಹೇಳದಿದ್ದರೆ ಭೇಟಿ ಅನ್ನಿಸುವುದಿಲ್ಲ ಎಂಬ ಭಯ. ಮುಂದಿನ ಸಲದಿಂದ ಇಲ್ಲ.

ಬಿಟ್‌ಲಾಕರ್ ವಿಷಯಕ್ಕೆ ನನ್ನದೊಂದು ಇದಕ್ಕಿಂತ ಕೆಟ್ಟ ಕತೆ ಇದೆ. ಇದುವರೆಗೆ ಇಬ್ಬರಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ಎರಡನೇ ವರ್ಷ, ಕುಶಾಲನಗರ. ಒಬ್ಬರ ಲ್ಯಾಪ್‌ಟಾಪಿನಲ್ಲೇ ಕೂತು ಪೆನ್‌ಡ್ರೈವಿಗೆ ಇಮೇಜ್ ಬರೆಯುತ್ತಿದ್ದೆ. ಡಿಡಿ ಆಜ್ಞೆ, ಯಾವ ಡಿಸ್ಕ್ ಹೇಳಿದರೆ ಅದರ ಮೇಲೆ ಬರೆದುಬಿಡುತ್ತದೆ. ಸುತ್ತ ನಾಲ್ಕು ಜನ ಮಾತಾಡುತ್ತಿದ್ದರು, ನಾನೂ ಮಾತಾಡುತ್ತಿದ್ದೆ. ಎಸ್‌ಡಿಬಿ (ಪೆನ್‌ಡ್ರೈವ್) ಎನ್ನುವಲ್ಲಿ ಎಸ್‌ಡಿಎ (ಹಾರ್ಡ್‌ಡಿಸ್ಕ್) ಎಂದು ಹೊಡೆದು ಎಂಟರ್ ಒತ್ತಿದೆ. ಪೆನ್‌ಡ್ರೈವಿನ ದೀಪ ಮಿಣುಕಲಿಲ್ಲ. ಹಾರ್ಡ್‌ಡಿಸ್ಕಿನ ದೀಪ ಮಿಣುಕುತ್ತಿತ್ತು. ಮೂರು ಸೆಕೆಂಡ್ ಏನೂ ಅರ್ಥವಾಗಲಿಲ್ಲ. ನಾಲ್ಕನೆಯದರಲ್ಲಿ ಹೊಟ್ಟೆ ತಣ್ಣಗಾಯಿತು.

ನಿಲ್ಲಿಸುವಷ್ಟರಲ್ಲಿ ಡಿಸ್ಕಿನ ಮುಂಭಾಗ ಹೋಗಿತ್ತು. ಕಳೆದದ್ದನ್ನು ಹುಡುಕುವ ಟೆಸ್ಟ್‌ಡಿಸ್ಕ್ ಹಾಕಿದೆ, ಪಾರ್ಟಿಷನ್ (ಡಿಸ್ಕಿನ ವಿಭಾಗ) ಸಿಗಲಿಲ್ಲ. ಅಂಥದ್ದೇ ಇನ್ನೊಂದು, ಫೋಟೋರೆಕ್ ಹಾಕಿದೆ. ರಾತ್ರಿಯಿಡೀ ಓಡಿ ಸಾವಿರಗಟ್ಟಲೆ ಫೋಟೋ ಕೊಟ್ಟಿತು. ಆದರೆ ಅದು ಹೆಸರು, ಫೋಲ್ಡರ್ ಏನನ್ನೂ ವಾಪಸ್ ಕೊಡುವುದಿಲ್ಲ, ಬರೀ ನಂಬರ್. ಅವರ ತಂಗಿಯ ಮದುವೆ, ನಾಯಿಮರಿ, ಪಹಣಿಯ ಫೋಟೋ ಎಲ್ಲ ಒಂದೇ ರಾಶಿಯಲ್ಲಿ. ಆ ಮನುಷ್ಯ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ನಾನು ಡಿಡಿ ಮುಟ್ಟುವುದಿಲ್ಲ. ವೆಂಟಾಯ್ ಹಾಕಿದ ಒಂದೇ ಪೆನ್‌ಡ್ರೈವ್ ಇದೆ, ಐಎಸ್‌ಒ ಫೈಲುಗಳನ್ನು (ಇನ್‌ಸ್ಟಾಲ್ ಇಮೇಜು) ಮನೆಯಲ್ಲೇ ಅದಕ್ಕೆ ನಕಲು ಮಾಡಿಕೊಂಡು ಹೋಗುತ್ತೇನೆ. ಮೊದಲು ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆ ಕೊಟ್ಟು ಡಿಸ್ಕಿನ ಗಾತ್ರ ನೋಡುತ್ತೇನೆ. ಕೊನೆಯ ಎಂಟರ್ ಮಶೀನಿನ ಯಜಮಾನರೇ ಒತ್ತಬೇಕು. ಬ್ಯಾಕಪ್ ತಂದಿಲ್ಲ ಎಂದರೆ ಕಾಫಿ ಕುಡಿಸಿ ಕಳಿಸುವುದು. ಇನ್ನು ಮೇಲೆ ಬಿಟ್‌ಲಾಕರ್ ಕೀ ಬರೆದುಕೊಂಡು ಬಂದಿದ್ದೀರಾ ಎಂದೂ ಕೇಳುತ್ತೇನೆ.

ಮೇಷ್ಟ್ರು_ಶನಿವಾರಸಂತೆ · ಸೋಮವಾರ ಸಂಜೆ 5:50

ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿಸುವುದನ್ನೂ ಸೇರಿಸಿ. ಅದು ಆನ್ ಇದ್ದರೆ ಷಟ್‌ಡೌನ್ ಮಾಡಿದರೂ ಪೂರ್ತಿ ಮಲಗಿರುವುದಿಲ್ಲ. ಲಿನಕ್ಸಿನಿಂದ ಆ ಪಾರ್ಟಿಷನ್ ತೆರೆದರೆ ಓದಲು ಮಾತ್ರ ಬಿಡುತ್ತದೆ. "ಫೈಲ್ ಸೇವ್ ಆಗುತ್ತಿಲ್ಲ" ಎಂದು ಬರುವ ಫೋನುಗಳಲ್ಲಿ ಅರ್ಧ ಇದೇ.

ನನ್ನದೊಂದು ಬೇಡಿಕೆ. ನಮ್ಮ ಶಾಲೆಯ ಲ್ಯಾಬಿನಲ್ಲಿ ಹತ್ತು ಹಳೆ ಮಶೀನಿವೆ. ಎಲ್ಲ 32 ಬಿಟ್ ಅಂತೆ. ಡೆಬಿಯನ್ 13 2025ರ ಆಗಸ್ಟಿನಲ್ಲಿ ಬಂತು, ಅದರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರೇ ಇಲ್ಲ. ಇವನ್ನು ಗುಜರಿಗೆ ಹಾಕುವುದೇ?

ಪಫರ್‌ಫಿಶ್ · ಸೋಮವಾರ ಸಂಜೆ 6:20

ತಡೀರಿ ಮೇಷ್ಟ್ರೇ. 32 ಬಿಟ್ ಅಂತ ಹೇಳಿದ್ದು ಯಾರು? ವಿಂಡೋಸ್ 32 ಬಿಟ್ ಹಾಕಿದ್ದರೆ ಸಿಸ್ಟಂ ಪ್ರಾಪರ್ಟೀಸಿನಲ್ಲಿ ಹಾಗೇ ಕಾಣುತ್ತದೆ. ಪ್ರೊಸೆಸರ್ ಬೇರೆ, ಹಾಕಿದ ಸಿಸ್ಟಂ ಬೇರೆ. ಕೋರ್ 2 ಡ್ಯುಯೋ ಇದ್ದರೆ ಕಣ್ಣು ಮುಚ್ಚಿ ಹೇಳುತ್ತೇನೆ, 64 ಬಿಟ್. ಯಾವುದಾದರೂ ಲೈವ್ ಪೆನ್‌ಡ್ರೈವಿನಲ್ಲಿ (ಇನ್‌ಸ್ಟಾಲ್ ಮಾಡದೆ ಓಡುವ ಲಿನಕ್ಸ್) ಬೂಟ್ ಮಾಡಿ ಎಲ್‌ಎಸ್‌ಸಿಪಿಯು ಎಂಬ ಆಜ್ಞೆ ಕೊಡಿ. ಶುರುವಿನ ಸಾಲುಗಳಲ್ಲೇ 32 ಬಿಟ್, 64 ಬಿಟ್ ಎರಡೂ ಬಂದರೆ ಬಚಾವ್.

ಮೇಷ್ಟ್ರು_ಶನಿವಾರಸಂತೆ · ಮಂಗಳವಾರ ಮಧ್ಯಾಹ್ನ 12:40

ನೋಡಿದೆ. ಹತ್ತರಲ್ಲಿ ಎಂಟು 64 ಬಿಟ್! ಮಿಕ್ಕ ಎರಡು ಸಣ್ಣ ಆಟಂ ನೋಟ್‌ಬುಕ್, ಅವು ನಿಜಕ್ಕೂ 32. ಬಿಎಸ್‌ಡಿಯವರಿಗೆ ನಮ್ಮ ಕಡೆಯಿಂದ ಒಂದು ಊಟ.

ಆದರೆ ನೆಟ್ ಸಮಸ್ಯೆ. ಶಾಲೆಯಲ್ಲಿ ಇರುವುದು ನನ್ನ ಮೊಬೈಲ್ ಹಾಟ್‌ಸ್ಪಾಟ್. ಎಂಟು ಮಶೀನೂ ಒಂದೊಂದಾಗಿ ಅಪ್‌ಡೇಟ್ ಎಳೆದರೆ ದಿನದ ಡೇಟಾ ಎರಡನೆಯದಕ್ಕೇ ಮುಗಿಯುತ್ತದೆ.

ಕೊನೆಬೆಂಚು · ಮಂಗಳವಾರ ಮಧ್ಯಾಹ್ನ 1:35

ಸರ್, ಆಪ್ಟ್ ಕ್ಯಾಷರ್ ಎನ್‌ಜಿ. ನನ್ನ ಲ್ಯಾಪ್‌ಟಾಪಿನಲ್ಲಿ ಇದೆ, ಹಾಸ್ಟೆಲಿನಲ್ಲಿ ಅದರಿಂದಲೇ ಬದುಕಿದ್ದೇವೆ. ಒಂದು ಮಶೀನ್ ನೆಟ್‌ನಿಂದ ಎಳೆದ ಪ್ಯಾಕೇಜನ್ನು ಅದು ಇಟ್ಟುಕೊಳ್ಳುತ್ತದೆ. ಎರಡನೇ ಮಶೀನ್ ಅದನ್ನೇ ಕೇಳಿದರೆ ನೆಟ್ಟಿಗೆ ಹೋಗದೆ ತನ್ನಲ್ಲಿರುವುದನ್ನು ಕೊಡುತ್ತದೆ. ಬೇರೆ ಮಶೀನುಗಳಲ್ಲಿ ಒಂದೇ ಸಾಲು ಸೇರಿಸಬೇಕು, ಪ್ರಾಕ್ಸಿ ಎಂದು ನನ್ನ ಲ್ಯಾಪ್‌ಟಾಪಿನ ವಿಳಾಸ ಮತ್ತು 3142 ಎಂಬ ಪೋರ್ಟ್. ಕೆಲಸ ಮುಗಿದ ಮೇಲೆ ಆ ಸಾಲು ತೆಗೆಯಲು ಮರೆಯಬೇಡಿ. ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಹೋದ ಮೇಲೆ ಎಲ್ಲರದ್ದೂ ಅಪ್‌ಡೇಟ್ ನಿಂತಿತ್ತು, ಎರಡು ದಿನ ನನಗೆ ಬೈಗುಳ.

ಊರುಬಿಟ್ಟವ · ಮಂಗಳವಾರ ಸಂಜೆ 7:30

ನಾನು ಲೋಗೋ, ನೋಂದಣಿ ಎಂದದ್ದು ವಾಪಸ್ ತೆಗೆದುಕೊಂಡೆ. ಇಲ್ಲಿ ಕೂತು ಹಾಗೇ ಅನ್ನಿಸಿತು.

ಶಿವರಾತ್ರಿಗೆ ಊರಿಗೆ ಬರುತ್ತೇನೆ. ಡೆಬಿಯನ್ ಡಿವಿಡಿ ಇಮೇಜುಗಳು, ಮಿಂಟ್ ಎಕ್ಸ್‌ಎಫ್‌ಸಿಇ (ಹಗುರ ಆವೃತ್ತಿ) ಎಲ್ಲ ಒಂದು ಡಿಸ್ಕಿಗೆ ಹಾಕಿ ತರುತ್ತೇನೆ. ಫೈಲು ಕೆಟ್ಟಿಲ್ಲ ಎಂದು ಚೆಕ್‌ಸಮ್ ಇಲ್ಲೇ ತಾಳೆ ನೋಡಿರುತ್ತೇನೆ. ಆಫೀಸಿನಲ್ಲಿ ಬಿಟ್ಟ ಡಿಡಿಆರ್3 ರ‍್ಯಾಮ್ ಕಡ್ಡಿಗಳಿವೆ, ಕೇಳಿಕೊಂಡು ತರುತ್ತೇನೆ. ಮೇಷ್ಟ್ರ ಮಶೀನಿಗೆ 2 ಜಿಬಿ ಇದ್ದರೆ 4 ಮಾಡೋಣ. ಯಾವ ಡಿಸ್ಟ್ರೋ (ಲಿನಕ್ಸಿನ ಬಗೆ) ಎಂದು ಜಗಳ ಆಡುವುದಕ್ಕಿಂತ ಅದು ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇಂಚುಸೆಂಟು · ಬುಧವಾರ ಬೆಳಿಗ್ಗೆ 7:45

ಮಾತು ಕನ್ನಡದಲ್ಲೇ ಇರಲಿ ಎಂದು ಒಂದು ಕೋರಿಕೆ. ಹೋದ ಭೇಟಿಯಲ್ಲಿ ಇಬ್ಬರು ಹುಡುಗರು ಪೂರ್ತಿ ಇಂಗ್ಲಿಷಿನಲ್ಲಿ ಮಾತಾಡಿದರು. ನನಗೆ ಅರ್ಥವಾಗುತ್ತದೆ. ನನ್ನ ಪಕ್ಕ ಕೂತಿದ್ದ ನಮ್ಮ ತೋಟದ ರೈಟರಿಗೆ ಆಗಲಿಲ್ಲ. ಚೆಕ್‌ರೋಲ್ ಬರೆಯುವವರು ಅವರೇ, ಕಲಿಯಬೇಕಾದವರೂ ಅವರೇ.

ಕೊನೆಬೆಂಚು · ಬುಧವಾರ ಮಧ್ಯಾಹ್ನ 1:10

ಒಪ್ಪಿದೆ ಅಂಕಲ್. ನನಗೆ ಇನ್ನೊಂದು ಆಸೆಯೂ ಇದೆ. ಕೊಡವ ತಕ್ಕಿಗೆ ಭಾಷೆಗಳ ಪಟ್ಟಿಯಲ್ಲಿ ಕೆಎಫ್‌ಎ ಎಂಬ ಕೋಡ್ ಇದೆ. ಒಂದು ಪದಪಟ್ಟಿ ಮಾಡಿದರೆ ಹನ್‌ಸ್ಪೆಲ್‌ಗೆ ಕಾಗುಣಿತ ನೋಡುವ ಕಡತ ಮಾಡಬಹುದು. ಕನ್ನಡ ಲಿಪಿಯಲ್ಲಿ ಬರೆದರೆ ಆ ನಡುಸ್ವರಗಳು ಸರಿಯಾಗಿ ಕೂರುವುದಿಲ್ಲ, ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಅದನ್ನು ಹಿರಿಯರ ಹತ್ತಿರ ಕೂತು ತೀರ್ಮಾನ ಮಾಡಬೇಕು. ಅರೆಭಾಷೆಯವರೂ ಸೇರಿದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಮನೆಯಲ್ಲೇ ಕೂತು ಮಾಡುವ ಕೆಲಸ.

ಡಿಟಿಪಿ_ಗೋಣಿಕೊಪ್ಪ · ಬುಧವಾರ ರಾತ್ರಿ 9:00

ಆ ಪಟ್ಟಿ ಟೈಪ್ ಮಾಡಲು ನಾನಿದ್ದೇನೆ. ನನ್ನ ಅಂಗಡಿ ಭಾನುವಾರ ಮಧ್ಯಾಹ್ನ ಖಾಲಿ. ಆರೇಳು ಜನ ಕೂರಬಹುದು, ಇನ್ವರ್ಟರ್ ಇದೆ. ಬಾಡಿಗೆ ಬೇಡ. ಕಾಫಿಗೆ ತಲೆಗೆ 20 ರೂಪಾಯಿ ಡಬ್ಬಿಗೆ ಹಾಕಿ. ಮಡಿಕೇರಿಯಲ್ಲೇ ಆಗಬೇಕು ಎಂದೇನಿಲ್ಲವಲ್ಲ?

ಬೆಟ್ಟದಬದಿ · ಬುಧವಾರ ರಾತ್ರಿ 10:20

ಇಲ್ಲ. ಮಡಿಕೇರಿ ಅಂದದ್ದು ನನಗೆ ಹತ್ತಿರ ಅಂತ ಅಷ್ಟೇ, ಈಗ ಹೊಳೆಯುತ್ತಿದೆ.

ಮುಚ್ಚುವುದಿಲ್ಲ. ಆದರೆ ಹೊಸ ಮಶೀನಿಗೆ ಇನ್‌ಸ್ಟಾಲ್ ಸದ್ಯಕ್ಕೆ ನಿಲ್ಲಿಸುತ್ತೇನೆ. ಮೊದಲು ಆ 23 ಜನಕ್ಕೆ ಮತ್ತೆ ಫೋನ್ ಮಾಡುತ್ತೇನೆ, ವಾಪಸ್ ಹೋದವರಿಗೂ. ಏನು ಓಡುತ್ತಿಲ್ಲವೋ ಅದನ್ನು ಹೊತ್ತುಕೊಂಡು ಬರಲಿ, ಪ್ರಿಂಟರ್ ಆದರೆ ಪ್ರಿಂಟರನ್ನೇ ತರಲಿ. ಇನ್ನು ಮುಂದೆ ಯಾರಿಗಾದರೂ ಹಾಕಿಕೊಟ್ಟರೆ ಹಾಕಿದವರ ಮತ್ತು ಅವರ ಊರಿಗೆ ಹತ್ತಿರದ ಇನ್ನೊಬ್ಬರ ನಂಬರ್ ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿನ ಕೆಳಗೆ ಅಂಟಿಸುವುದು. ಹತ್ತನೇ ದಿನಕ್ಕೆ ನಾವೇ ಫೋನ್ ಮಾಡುವುದು. ಹತ್ತಲ್ಲ, ಎಂಟನೇ ದಿನ. ಡಿಟಿಪಿಯವರು ಒಂಬತ್ತಕ್ಕೇ ಕೈಬಿಟ್ಟಿದ್ದಾರೆ.

ಎರಡನೇ ಭಾನುವಾರ ಗೋಣಿಕೊಪ್ಪದ ಅಂಗಡಿಯಲ್ಲಿ, ಬೆಳಿಗ್ಗೆ 11ರಿಂದ 3. ಖಾಲಿಯಾಗುವುದು ಮಧ್ಯಾಹ್ನ ಅಲ್ವಾ, ಬೆಳಿಗ್ಗೆ ಗಿರಾಕಿ ಬಂದರೆ ನಾವು ಹೊರಗೆ ಬೆಂಚಿನಲ್ಲಿ ಕೂರುತ್ತೇವೆ. ಶುಕ್ರವಾರ ಸಂತೆಯ ದಿನ ಮಡಿಕೇರಿಯಲ್ಲಿ ನಾನೊಬ್ಬನೇ ಎರಡು ಗಂಟೆ ಕೂರುತ್ತೇನೆ, ಯಾರಾದರೂ ಬಂದರೆ ಬರಲಿ. ಜೂನ್‌ನಿಂದ ಆಗಸ್ಟ್ ತನಕ ಭೇಟಿ ಇಲ್ಲ, ಫೋನ್ ಮಾತ್ರ. 2018ರ ಆಗಸ್ಟಿನ ಮಳೆ, ಗುಡ್ಡ ಕುಸಿತ ನೋಡಿದವರಿಗೆ ಯಾಕೆ ಎಂದು ಹೇಳಬೇಕಾಗಿಲ್ಲ.

ಅಂದಹಾಗೆ, ಆ ವಿಮೆಯವರು ಇವತ್ತು ಫೋನ್ ಮಾಡಿದ್ದರು. ಅವರ ಕಂಪನಿಯ ಸೈಟ್ ಫೈರ್‌ಫಾಕ್ಸಿನಲ್ಲಿ ತೆರೆಯುತ್ತದಾ ಅಂತ. ಯಾಕೆ ಕೇಳಿದರೋ ಗೊತ್ತಿಲ್ಲ.

ಇಂಚುಸೆಂಟು · ಗುರುವಾರ ಬೆಳಿಗ್ಗೆ 7:30

ರೊಬಸ್ಟಾ ಕುಯ್ಲು ನಡೆಯುತ್ತಿದೆ, ಆದರೂ ಬರುತ್ತೇನೆ. ಸಿದ್ದಾಪುರದಿಂದ ಜೀಪು ಬರುತ್ತದೆ, ಎರಡು ಸೀಟ್ ಖಾಲಿ. ಅಮ್ಮತ್ತಿಯ ಕಡೆ ಯಾರಾದರೂ ಇದ್ದರೆ ಹೇಳಿ. ಬಿಸ್ಕೆಟ್ ತರಬೇಡಿ, ಮನೆಯಿಂದ ಕಡುಂಬುಟ್ಟು ಬರುತ್ತದೆ.

ಕೊನೆಬೆಂಚು · ಗುರುವಾರ ಮಧ್ಯಾಹ್ನ 1:05

ಮೂರು ಗಂಟೆ ಅಂದರೆ ಮೂರೇ ಅಲ್ವಾ ಅಣ್ಣ? ಗೆಳತಿಯನ್ನು ಕರೆದುಕೊಂಡು ಬರಬೇಕು. ಲ್ಯಾಪ್‌ಟಾಪ್ ತರುವುದಿಲ್ಲ ಅಂತ ಷರತ್ತು ಹಾಕಿದ್ದಾಳೆ.

ಡಿಟಿಪಿ_ಗೋಣಿಕೊಪ್ಪ · ಗುರುವಾರ ಮಧ್ಯಾಹ್ನ 1:30

ಅಂಗಡಿಯಲ್ಲಿ ಪ್ಲಗ್ ಪಾಯಿಂಟ್ ಎರಡೇ. ಎಕ್ಸ್‌ಟೆನ್ಷನ್ ಬಾಕ್ಸ್ ಯಾರ ಹತ್ತಿರ ಇದೆ? ನನ್ನದನ್ನು ಇನ್‌ಸ್ಟಾಲ್ ದಿನ ಯಾರೋ ತೆಗೆದುಕೊಂಡು ಹೋದವರು ಇನ್ನೂ ಕೊಟ್ಟಿಲ್ಲ.

ಪಫರ್‌ಫಿಶ್ · ಗುರುವಾರ ಮಧ್ಯಾಹ್ನ 1:42

ಅದು ನಮ್ಮ ಹೋಂಸ್ಟೇಯಲ್ಲಿ ರೂಟರ್‌ಗೆ ಹಾಕಿದೆ. ಭಾನುವಾರ ತರುತ್ತೇನೆ.